ಮೂರು ಬೆಲೆಯ ಮೊಟ್ಟೆ: ಮುಂಬಯಿಯ ಗ್ರಾಹಕರು ಅರಿತಿರಬೇಕಾದ ಸಂಗತಿಗಳು



ಸಂಜೆ ಏಳರ ಹೊತ್ತಿಗೆ ಡೊಂಬಿವಲಿ ನಿಲ್ದಾಣದಲ್ಲಿ ಲೋಕಲ್ ರೈಲಿನಿಂದ ಇಳಿದು, ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಯೊಂದರ ಮುಂದೆ ನಿಂತ ಗೃಹಿಣಿಯೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ. ಕುಂದಾಪುರದ ಕಡೆಯಿಂದ ಬಂದಿರುವ ಅತ್ತೆಯಿದ್ದಾರೆ. ಅಂಗಡಿಯಲ್ಲಿ ಮೂರು ಬಗೆಯ ಮೊಟ್ಟೆಗಳಿವೆ. ಮೂವತ್ತರ ತೆರೆದ ಟ್ರೇಯಲ್ಲಿ ಜೋಡಿಸಿಟ್ಟ ಬಿಳಿಯ ಮೊಟ್ಟೆ ಒಂದು ಬಗೆ. ಹಸಿರು ಹುಲ್ಲುಗಾವಲಿನ ಚಿತ್ರವಿರುವ ಪೆಟ್ಟಿಗೆಯಲ್ಲಿ, ಬಯಲಿನಲ್ಲಿ ಮೇಯುವ ಕೋಳಿಯದೆಂದು ಹೇಳಲಾದ ‘ಫ್ರೀ ರೇಂಜ್’ ಮೊಟ್ಟೆ ಇನ್ನೊಂದು. ‘ಸಾವಯವ’ ಎಂಬ ಹೆಸರು ಹೊತ್ತ, ಎಲ್ಲಕ್ಕಿಂತ ದುಬಾರಿಯಾದ ಆರು ಮೊಟ್ಟೆಗಳ ಪೊಟ್ಟಣ ಮೂರನೆಯದು. ‘ಊರ ಕೋಳಿಯ ಮೊಟ್ಟೆಯಾದರೆ ಮಾತ್ರ ಮಕ್ಕಳ ಮೈಗೆ ಹತ್ತುತ್ತದೆ’ ಎಂಬುದು ಅತ್ತೆಯವರ ಮಾತು. ಕೈಚೀಲದಲ್ಲಿರುವ ಹಣದ ಮಾತೇ ಬೇರೆ.

ಅಗ್ಗದ ಮೊಟ್ಟೆಯನ್ನು ಕೊಂಡರೆ ಮಕ್ಕಳಿಗೆ ಅನ್ಯಾಯ ಮಾಡಿದಂತಾಗುತ್ತದೆಯೇ? ಇದು ಆ ಗೃಹಿಣಿಯೊಬ್ಬರ ಪ್ರಶ್ನೆಯಲ್ಲ. ಮಾಟುಂಗಾ, ಸಾಯನ್, ಘಾಟ್ಕೋಪರ್, ಮುಲುಂಡ್, ಠಾಣೆ, ಬೊರಿವಲಿ, ವಾಶಿಗಳಲ್ಲಿ ಸಂಸಾರ ಹೂಡಿರುವ ಸಾವಿರಾರು ಕುಟುಂಬಗಳ ಪ್ರಶ್ನೆ. ಜಾಹೀರಾತಿನ ಅಬ್ಬರಕ್ಕೂ ಗಾಳಿಮಾತಿನ ಭಯಕ್ಕೂ ಒಳಗಾಗದೆ ಇದಕ್ಕೆ ಉತ್ತರ ಕಂಡುಕೊಳ್ಳುವುದು ಅವಶ್ಯ.

ಮುಂಬಯಿಗೆ ಮೊಟ್ಟೆ ಬರುವ ಬಗೆ

ಮುಂಬಯಿಯ ಜನ ತಿನ್ನುವ ಮೊಟ್ಟೆಯಲ್ಲಿ ದೊಡ್ಡ ಪಾಲು ಹೊರಗಿನಿಂದ ಬರತಕ್ಕದ್ದು. ರಾಜ್ಯದಲ್ಲಿ ದಿನವೊಂದಕ್ಕೆ 2.25 ಕೋಟಿಗೂ ಹೆಚ್ಚು ಮೊಟ್ಟೆ ಬೇಕಾಗುತ್ತದೆ, ಅದರಲ್ಲಿ ಸುಮಾರು 1 ಕೋಟಿಯ ಕೊರತೆಯಿದೆ ಎಂದು ಮಹಾರಾಷ್ಟ್ರದ ಪಶುಸಂಗೋಪನಾ ಇಲಾಖೆಯ ಅಧಿಕಾರಿಗಳು 2023ರ ಜನವರಿಯಲ್ಲಿ ತಿಳಿಸಿದ್ದರು. ಈ ಕೊರತೆಯನ್ನು ತುಂಬುವವರು ತೆಲಂಗಾಣ, ಕರ್ನಾಟಕ ಮತ್ತು ತಮಿಳುನಾಡಿನ ಕೋಳಿ ಸಾಕಣೆದಾರರು. ಡೊಂಬಿವಲಿಯಲ್ಲಿ ಒಡೆಯುವ ಮೊಟ್ಟೆ ಹೈದರಾಬಾದಿನ ಸುತ್ತಿನದಿರಬಹುದು, ಹೊಸಪೇಟೆಯ ಸುತ್ತಿನದೂ ಇರಬಹುದು.

ಈ ಮೊಟ್ಟೆಗಳ ಬೆಲೆಗೆ ಒಂದು ಚರಿತ್ರೆಯಿದೆ. 1980ರ ದಶಕದ ಆರಂಭದವರೆಗೆ ಸಾಕಣೆದಾರನ ಮೊಟ್ಟೆಗೆ ಬೆಲೆ ಕಟ್ಟುತ್ತಿದ್ದವರು ದೊಡ್ಡ ನಗರಗಳ ದಲ್ಲಾಳಿಗಳು. ಮೇವಿನ ಖರ್ಚೂ ಹುಟ್ಟದೆ ಸಾಕಣೆದಾರರು ಕಂಗೆಟ್ಟಿದ್ದಾಗ ಡಾ. ಬಿ. ವಿ. ರಾವ್ ಅವರ ನೇತೃತ್ವದಲ್ಲಿ ಅವರೆಲ್ಲ ಒಗ್ಗೂಡಿದರು. ‘ನನ್ನ ಮೊಟ್ಟೆ, ನನ್ನ ಬೆಲೆ, ನನ್ನ ಬದುಕು’ ಎಂಬ ಘೋಷಣೆಯೊಂದಿಗೆ 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಸ್ಥಾಪನೆಯಾಯಿತು. ಇಂದಿಗೂ ಈ ಸಮಿತಿಯು ಮುಂಬಯಿಯೂ ಸೇರಿದಂತೆ ಪ್ರಮುಖ ಕೇಂದ್ರಗಳಿಗೆ ನೂರು ಮೊಟ್ಟೆಗಳ ಲೆಕ್ಕದಲ್ಲಿ ದಿನದ ಸೂಚಿತ ದರವನ್ನು ಪ್ರಕಟಿಸುತ್ತದೆ. ಇದು ಸಗಟು ದರವಾದ್ದರಿಂದ ಸಾಗಣೆ, ಒಡಕು ಮತ್ತು ಅಂಗಡಿಯವನ ಲಾಭ ಸೇರಿ ಚಿಲ್ಲರೆ ಬೆಲೆ ಏರುತ್ತದೆ. ಆದರೂ ಬಿಳಿಯ ಮೊಟ್ಟೆಯ ಬೆಲೆ ನ್ಯಾಯವಾದುದೇ ಎಂದು ಅಳೆಯಲು ಗ್ರಾಹಕನ ಕೈಯಲ್ಲಿ ಒಂದು ಅಳತೆಗೋಲಾದರೂ ಇದೆ. ಫ್ರೀ ರೇಂಜ್ ಅಥವಾ ಸಾವಯವ ಮೊಟ್ಟೆಗೆ ಇಂಥ ಅಳತೆಗೋಲಿಲ್ಲ. ಮಾರುವವನು ಹೇಳಿದ್ದೇ ಬೆಲೆ.

ಶ್ರಾವಣ ಮಾಸ ಹಾಗೂ ಗಣೇಶೋತ್ಸವದ ದಿನಗಳಲ್ಲಿ ಬೇಡಿಕೆ ಕುಗ್ಗುವುದರಿಂದ ಬೆಲೆ ಇಳಿಯುವುದೂ, ಚಳಿಗಾಲದಲ್ಲಿ ಬೇಡಿಕೆ ಹೆಚ್ಚಿ ಬೆಲೆ ಏರುವುದೂ ಸಾಮಾನ್ಯ. ಅದು ಗುಣದ ಏರಿಳಿತವಲ್ಲ ಎಂಬುದು ನೆನಪಿನಲ್ಲಿರಲಿ.

ಹೆಸರು ಮೂರು, ಅರ್ಥವೇನು?

ಅಗ್ಗದ ಬಿಳಿಯ ಮೊಟ್ಟೆ ಬಹುಮಟ್ಟಿಗೆ ವೈಟ್ ಲೆಗ್‌ಹಾರ್ನ್ ಮೂಲದ ಕೋಳಿಗಳದು. ತಂತಿಯ ಪಂಜರಗಳಲ್ಲಿ ಸಾಲುಸಾಲಾಗಿ ಇರಿಸಿ, ಮುಖ್ಯವಾಗಿ ಮೆಕ್ಕೆಜೋಳ ಮತ್ತು ಸೋಯಾ ಹಿಂಡಿಯ ಸಮತೂಕದ ಆಹಾರ ಕೊಟ್ಟು ಸಾಕುವ ಈ ಕೋಳಿ ವರ್ಷಕ್ಕೆ 300ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಬೆಲೆ ಅಗ್ಗವಾಗಿರುವುದಕ್ಕೆ ಇದೇ ಕಾರಣವೇ ಹೊರತು ಮೊಟ್ಟೆಯಲ್ಲಿ ಏನೋ ಕೊರತೆಯಿದೆ ಎಂಬುದಲ್ಲ.

‘ಪಂಜರರಹಿತ’ ಎಂಬುದು ಇನ್ನೊಂದು ಪದ್ಧತಿ. ಇಲ್ಲಿ ಕೋಳಿಗಳು ಭತ್ತದ ಹೊಟ್ಟು ಹಾಸಿದ ನೆಲದ ಮೇಲೆ ಓಡಾಡುತ್ತವೆ, ಆದರೆ ಕೊಟ್ಟಿಗೆಯ ಹೊರಗೆ ಹೋಗಲೇಬೇಕೆಂದಿಲ್ಲ. ಫ್ರೀ ರೇಂಜ್ ಎಂದರೆ ಹಗಲಿನಲ್ಲಿ ಹೊರಗಿನ ಬಯಲಿಗೆ ಹೋಗಿ ಕೆದಕಿ ಮೇಯುವ ಅವಕಾಶ ಕೋಳಿಗಿರಬೇಕು. ಈ ಎರಡನ್ನೂ ಒಂದೇ ಎಂದು ತಿಳಿದು ಹೆಚ್ಚು ಹಣ ತೆರುವವರಿದ್ದಾರೆ. ಪೊಟ್ಟಣದ ಮೇಲಿನ ಪದವನ್ನು ಓದಬೇಕೇ ಹೊರತು ಚಿತ್ರವನ್ನು ನಂಬಬಾರದು.

ಸಾವಯವ ಎಂಬುದು ಇವೆರಡಕ್ಕಿಂತ ಬಿಗಿಯಾದ ಮಾತು. ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಮಾನದಂಡಗಳ ಪ್ರಕಾರ ಕೋಳಿಗೆ ಕೊಡುವ ಆಹಾರ ಸಾವಯವ ಬೇಸಾಯದಿಂದ ಬಂದಿರಬೇಕು, ಕೋಳಿಯನ್ನು ಪಂಜರದಲ್ಲಿಡುವಂತಿಲ್ಲ, ರೋಗವಿಲ್ಲದಿದ್ದರೂ ಬೆಳವಣಿಗೆಗಾಗಿ ಔಷಧ ಕೊಡುವಂತಿಲ್ಲ. ಕೋಳಿ ಸಾಕಣೆಯ ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಆಹಾರದ ಖರ್ಚೇ ಆಗಿರುವುದರಿಂದ, ಸಾವಯವ ಧಾನ್ಯದ ಬೆಲೆ ನೇರವಾಗಿ ಮೊಟ್ಟೆಯ ಬೆಲೆಗೆ ಸೇರುತ್ತದೆ.

ಇನ್ನು ಅತ್ತೆಯವರು ಹೇಳುವ ಊರ ಕೋಳಿಯ ಮೊಟ್ಟೆ. ಮುಂಬಯಿಯ ಮಾರುಕಟ್ಟೆಯಲ್ಲಿ ಇದಕ್ಕೆ ‘ಗಾವಠಿ’ ಎಂಬ ಹೆಸರು. ಹಿತ್ತಿಲಲ್ಲಿ ಹುಳುಹುಪ್ಪಟೆ, ಕಾಳುಕಡ್ಡಿ ಹೆಕ್ಕಿ ಬದುಕುವ ನಾಟಿ ಕೋಳಿ ವರ್ಷಕ್ಕೆ ಸಾಮಾನ್ಯವಾಗಿ 60ರಿಂದ 80 ಮೊಟ್ಟೆ ಇಡುತ್ತದೆ. ಇಷ್ಟು ಕಡಿಮೆ ಇಳುವರಿಯ ಕೋಳಿ ಮಹಾನಗರದ ಪ್ರತಿ ಬೀದಿಯ ಅಂಗಡಿಗೂ ಪ್ರತಿದಿನ ಮೊಟ್ಟೆ ಒದಗಿಸಬಲ್ಲುದೇ ಎಂದು ಗ್ರಾಹಕನು ತನ್ನನ್ನೇ ಕೇಳಿಕೊಳ್ಳಬೇಕು. ಗಾವಠಿ ಎಂದು ಮಾರುವ ಕಂದು ಮೊಟ್ಟೆಗಳಲ್ಲಿ ಅನೇಕವು, ಕಂದು ಮೊಟ್ಟೆ ಇಡುವ ವಾಣಿಜ್ಯ ತಳಿಯ ಕೋಳಿಗಳವು. ಅವೂ ಪಂಜರದಲ್ಲೇ ಬೆಳೆದಿರಬಹುದು. ಚಿಪ್ಪಿನ ಬಣ್ಣ ಕೋಳಿಯ ತಳಿಯಿಂದ ಬರುತ್ತದೆ. ಲೆಗ್‌ಹಾರ್ನ್ ಬಿಳಿಯದನ್ನಿಟ್ಟರೆ ರೋಡ್ ಐಲೆಂಡ್ ರೆಡ್ ಕಂದು ಬಣ್ಣದ್ದನ್ನಿಡುತ್ತದೆ. ಹಳದಿ ಭಾಗದ ಬಣ್ಣ ಕೋಳಿ ತಿಂದ ಆಹಾರದಿಂದ ಬರುತ್ತದೆ. ಮೆಕ್ಕೆಜೋಳ, ಹಸಿರು ಸೊಪ್ಪು ಅಥವಾ ಚೆಂಡುಹೂವಿನ ಸಾರ ಸೇರಿಸಿದರೆ ಅದು ಗಾಢವಾಗುತ್ತದೆ. ಆದುದರಿಂದ ಕಂದು ಚಿಪ್ಪಾಗಲಿ ಕೇಸರಿ ಹಳದಿಯಾಗಲಿ ಕೋಳಿ ಬಯಲಿನಲ್ಲಿ ಮೇಯಿತೆಂಬುದಕ್ಕೆ ಸಾಕ್ಷಿಯಲ್ಲ. ಬಿಳಿಯ ಮೊಟ್ಟೆಗೆ ಬಣ್ಣ ಬಳಿದು ನಾಟಿ ಎಂದು ಮಾರುವ ವಂಚನೆಯೂ ದೇಶದಲ್ಲಿ ಬೆಳಕಿಗೆ ಬಂದಿದೆ. ಒದ್ದೆ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಬಿಟ್ಟರೆ ಆ ಮೊಟ್ಟೆಯನ್ನು ಕೊಳ್ಳಬಾರದು.

ಪೋಷಣೆಯಲ್ಲಿ ಎಷ್ಟು ಅಂತರ?

ಸುಮಾರು 50 ಗ್ರಾಂ ತೂಕದ ಒಂದು ಮೊಟ್ಟೆಯಲ್ಲಿ ಹೆಚ್ಚುಕಡಿಮೆ 6 ಗ್ರಾಂ ಸಸಾರಜನಕವಿರುತ್ತದೆ. ‘ಎ’ ಮತ್ತು ‘ಡಿ’ ಜೀವಸತ್ವಗಳು, ಶಾಕಾಹಾರದಲ್ಲಿ ದುರ್ಲಭವಾದ ಬಿ-12 ಜೀವಸತ್ವ ಹಾಗೂ ಮಿದುಳಿನ ಬೆಳವಣಿಗೆಗೆ ಬೇಕಾದ ಕೋಲಿನ್ ಇವೆ. ಈ ಸಸಾರಜನಕದ ಪ್ರಮಾಣವೂ ಗುಣವೂ ಪಂಜರದ ಕೋಳಿಯಲ್ಲಿ ಒಂದು, ಬಯಲಿನ ಕೋಳಿಯಲ್ಲಿ ಇನ್ನೊಂದು ಎಂಬಂತೆ ಬದಲಾಗುವುದಿಲ್ಲ. ಬಿಸಿಲಿನಲ್ಲಿ ಓಡಾಡುವ ಕೋಳಿಯ ಮೊಟ್ಟೆಯಲ್ಲಿ ‘ಡಿ’ ಜೀವಸತ್ವವೂ, ಹಸಿರು ಮೇಯ್ದ ಕೋಳಿಯ ಮೊಟ್ಟೆಯಲ್ಲಿ ಒಮೆಗಾ-3 ಕೊಬ್ಬಿನಂಶವೂ ಸ್ವಲ್ಪ ಹೆಚ್ಚಿರುವುದುಂಟು. ಆದರೆ ಆಹಾರದ ಮೂಲಕ ಪಂಜರದ ಕೋಳಿಯ ಮೊಟ್ಟೆಯಲ್ಲೂ ಇವನ್ನು ಹೆಚ್ಚಿಸಬಹುದು. ಅಂತರವಿದೆ, ಆದರೆ ಅದು ಬೆಲೆಯ ಅಂತರದಷ್ಟು ದೊಡ್ಡದಲ್ಲ.

ಈಗ ಒಂದು ಸರಳ ಲೆಕ್ಕ. ಆ ಗೃಹಿಣಿ ಮಕ್ಕಳಿಬ್ಬರ ಮೊಟ್ಟೆಗೆಂದು ತಿಂಗಳಿಗೆ 480 ರೂಪಾಯಿ ಎತ್ತಿಡುತ್ತಾರೆಂದು ಇಟ್ಟುಕೊಳ್ಳೋಣ. ಬಿಳಿಯ ಮೊಟ್ಟೆಗೆ 8, ಫ್ರೀ ರೇಂಜ್‌ಗೆ 16, ಸಾವಯವಕ್ಕೆ 24 ರೂಪಾಯಿ ಎಂದು ಭಾವಿಸಿದರೆ, ಅದೇ ಹಣಕ್ಕೆ ಕ್ರಮವಾಗಿ 60, 30 ಮತ್ತು 20 ಮೊಟ್ಟೆಗಳು ಬರುತ್ತವೆ. ಮೊದಲನೆಯದರಲ್ಲಿ ಇಬ್ಬರು ಮಕ್ಕಳಿಗೂ ದಿನಕ್ಕೊಂದು ಮೊಟ್ಟೆ. ಎರಡನೆಯದರಲ್ಲಿ ದಿನ ಬಿಟ್ಟು ದಿನ. ಮೂರನೆಯದರಲ್ಲಿ ಮೂರು ದಿನಕ್ಕೊಂದು. ಸಸಾರಜನಕದ ಲೆಕ್ಕದಲ್ಲಿ ಹೇಳುವುದಾದರೆ 360 ಗ್ರಾಂ, 180 ಗ್ರಾಂ ಮತ್ತು 120 ಗ್ರಾಂ. ಹೆಸರಿನ ಹಿರಿಮೆಗಾಗಿ ಮಗುವಿನ ತಟ್ಟೆಯಿಂದ ಮೂರರಲ್ಲಿ ಎರಡು ಮೊಟ್ಟೆಗಳನ್ನು ಕಳೆಯುವುದು ಆರೋಗ್ಯದ ಕಾಳಜಿ ಎನಿಸಲಾರದು. ಮೊಟ್ಟೆಗಳ ಸಂಖ್ಯೆ ಕಡಿಮೆಯಾಗದಂತೆ ಹೆಚ್ಚು ಬೆಲೆ ತೆರಲು ಶಕ್ತಿಯುಳ್ಳವರಿಗೆ ಮಾತ್ರ ದುಬಾರಿ ಮೊಟ್ಟೆ ಒಂದು ಆಯ್ಕೆ.

ಸರ್ಕಾರದ ಅಂಕಿಅಂಶಗಳ ಪ್ರಕಾರ 2023-24ರಲ್ಲಿ ದೇಶದ ಮೊಟ್ಟೆ ಉತ್ಪಾದನೆ 14,277 ಕೋಟಿ. ತಲಾ ಲಭ್ಯತೆ ವರ್ಷಕ್ಕೆ 103. ಸುಮಾರು ಮೂರೂವರೆ ದಿನಕ್ಕೊಂದು ಮೊಟ್ಟೆ ಎಂಬುದು ಇದರ ತಾತ್ಪರ್ಯ. ಇಂಥ ದೇಶದಲ್ಲಿ ಅಗ್ಗದ ಮೊಟ್ಟೆಯನ್ನು ಹೀಗಳೆಯುವುದು ಉಚಿತವಲ್ಲ.

ಸುರಕ್ಷತೆಯ ಪ್ರಶ್ನೆ

ಔಷಧದ ಅಂಶ ಮೊಟ್ಟೆಯಲ್ಲಿ ಉಳಿಯುವುದೆಂಬ ಆತಂಕವನ್ನು ಕೇವಲ ಗಾಳಿಮಾತೆಂದು ತಳ್ಳಿಹಾಕುವಂತಿಲ್ಲ. ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಅಸ್ತ್ರವೆನಿಸಿದ ಕೊಲಿಸ್ಟಿನ್ ಎಂಬ ಜೀವನಿರೋಧಕವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ನೀಡುವುದನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿತು. ನೈಟ್ರೋಫ್ಯೂರಾನ್ ವರ್ಗದ ಔಷಧಗಳನ್ನು ಕೋಳಿ ಸಾಕಣೆಯ ಎಲ್ಲ ಹಂತಗಳಲ್ಲೂ ನಿಷೇಧಿಸಲಾಗಿದೆ. 2025ರ ಡಿಸೆಂಬರಿನಲ್ಲಿ ಈ ಔಷಧದ ವಿಷಯವಾಗಿ ದೊಡ್ಡ ಗುಲ್ಲೆದ್ದು, ಮೊಟ್ಟೆ ತಿಂದರೆ ಕ್ಯಾನ್ಸರ್ ಬರುವುದೆಂಬ ಸುದ್ದಿ ಹರಡಿತು. ದೇಶದಲ್ಲಿ ಮಾರಾಟವಾಗುವ ಮೊಟ್ಟೆ ತಿನ್ನಲು ಸುರಕ್ಷಿತ, ಕ್ಯಾನ್ಸರಿನ ಮಾತು ದಾರಿತಪ್ಪಿಸುವಂಥದು ಎಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರ ಆಗ ಸ್ಪಷ್ಟಪಡಿಸಿತು. ಗಮನಿಸಬೇಕಾದ ಅಂಶವೆಂದರೆ, ನಿಷೇಧವು ಅಗ್ಗದ ಮೊಟ್ಟೆಗೂ ದುಬಾರಿ ಮೊಟ್ಟೆಗೂ ಸಮಾನವಾಗಿ ಅನ್ವಯಿಸುತ್ತದೆ. ಸುರಕ್ಷಿತ ಮೊಟ್ಟೆ ಹೆಚ್ಚು ಹಣ ತೆತ್ತವನ ವಿಶೇಷ ಸೌಲಭ್ಯವಲ್ಲ, ಪ್ರತಿಯೊಬ್ಬ ಗ್ರಾಹಕನ ಹಕ್ಕು.

ಬಯಲಿನಲ್ಲಿ ಬೆಳೆದದ್ದೆಲ್ಲ ನಿರಪಾಯವೆಂದೂ ಹೇಳಲಾಗದು. ಹೊರಗೆ ಮೇಯುವ ಕೋಳಿಗೆ ಕಾಡುಹಕ್ಕಿಗಳ ಸಂಪರ್ಕ ಹೆಚ್ಚು. ಭಾರತದಲ್ಲಿ ಹಕ್ಕಿಜ್ವರ ಮೊದಲು ಕಾಣಿಸಿಕೊಂಡದ್ದು 2006ರ ಫೆಬ್ರವರಿಯಲ್ಲಿ, ಇದೇ ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ನವಾಪುರದಲ್ಲಿ. ಅಲ್ಲಿ ರೋಗ ತಗುಲಿದ್ದು ವಾಣಿಜ್ಯ ಸಾಕಣೆ ಕೇಂದ್ರಗಳಿಗೆ. ಆ ಬಳಿಕ ದೇಶದ ಬೇರೆಡೆ ಹಿತ್ತಿಲ ಕೋಳಿಗಳಿಗೂ ತಗುಲಿದ್ದುಂಟು. ಯಾವ ಪದ್ಧತಿಗೂ ರೋಗದಿಂದ ವಿನಾಯಿತಿಯಿಲ್ಲ. ಬಿಳಿ ಮತ್ತು ಹಳದಿ ಎರಡೂ ಗಟ್ಟಿಯಾಗುವಂತೆ ಚೆನ್ನಾಗಿ ಬೇಯಿಸಿದ ಮೊಟ್ಟೆ ತಿನ್ನುವುದೇ ಎಲ್ಲರಿಗೂ ಕ್ಷೇಮ. ಗರ್ಭಿಣಿಯರು, ಮಕ್ಕಳು ಮತ್ತು ವೃದ್ಧರ ವಿಷಯದಲ್ಲಿ ಇದನ್ನು ತಪ್ಪದೆ ಪಾಲಿಸಬೇಕು.

ಲೇಬಲ್ ಓದುವ ಕ್ರಮ

ಯೂರೋಪಿನ ಒಕ್ಕೂಟದಲ್ಲಿ ಪ್ರತಿ ಮೊಟ್ಟೆಯ ಚಿಪ್ಪಿನ ಮೇಲೆ ಒಂದು ಅಂಕಿ ಮುದ್ರಿತವಾಗಿರುತ್ತದೆ. 0 ಎಂದರೆ ಸಾವಯವ, 1 ಎಂದರೆ ಫ್ರೀ ರೇಂಜ್, 2 ಎಂದರೆ ಕೊಟ್ಟಿಗೆಯ ನೆಲದ ಮೇಲೆ ಸಾಕಿದ್ದು, 3 ಎಂದರೆ ಪಂಜರದ್ದು. ಅಲ್ಲಿ ಫ್ರೀ ರೇಂಜ್ ಎನ್ನಬೇಕಾದರೆ ಕೋಳಿಯೊಂದಕ್ಕೆ 4 ಚದರ ಮೀಟರ್ ಬಯಲು ಇರಬೇಕೆಂಬ ನಿಯಮವಿದೆ. ಭಾರತದಲ್ಲಿ ಇಂಥ ಕಡ್ಡಾಯ ಮುದ್ರೆಯಿಲ್ಲ. ಪಂಜರದ ಮೊಟ್ಟೆ ಮತ್ತು ಪಂಜರರಹಿತ ಮೊಟ್ಟೆಗಳನ್ನು ಬೇರ್ಪಡಿಸುವ ಪ್ರಮಾಣೀಕರಣ ಬೇಕೆಂದು ಕೇಂದ್ರ ಕಾನೂನು ಆಯೋಗವು 2017ರ ಜುಲೈನಲ್ಲಿ ತನ್ನ 269ನೆಯ ವರದಿಯಲ್ಲಿ ಸಲಹೆ ಮಾಡಿತ್ತು. ಆದುದರಿಂದ ಫ್ರೀ ರೇಂಜ್ ಎಂಬ ಪದವನ್ನು ಕಂಡಾಗ ‘ಪ್ರಮಾಣೀಕರಿಸಿದವರು ಯಾರು?’ ಎಂದು ಕೇಳುವುದು ಅಗತ್ಯ. ಸಾಕಣೆ ಕೇಂದ್ರದ ಹೆಸರು, ಊರು, ಪ್ರಮಾಣೀಕರಿಸಿದ ಸಂಸ್ಥೆಯ ಹೆಸರು ಇಲ್ಲದ ಪೊಟ್ಟಣದಲ್ಲಿ ಆ ಪದ ಕೇವಲ ಅಲಂಕಾರವಾಗಿರಬಹುದು.

ಸಾವಯವದ ವಿಷಯ ಹೀಗಲ್ಲ. 2017ರ ಸಾವಯವ ಆಹಾರ ನಿಯಮಗಳ ಪ್ರಕಾರ, ಸಾವಯವವೆಂದು ಪೊಟ್ಟಣ ಕಟ್ಟಿ ಮಾರುವ ಆಹಾರ ಪ್ರಮಾಣೀಕೃತವಾಗಿರಬೇಕು ಮತ್ತು ‘ಜೈವಿಕ್ ಭಾರತ್’ ಚಿಹ್ನೆಯನ್ನು ಹೊಂದಿರಬೇಕು. ಗ್ರಾಹಕರಿಗೆ ನೇರವಾಗಿ ಮಾರುವ ಸಣ್ಣ ಉತ್ಪಾದಕರಿಗೆ ಮಾತ್ರ ವಿನಾಯಿತಿಯಿದೆ. ಚಿಹ್ನೆಯ ಜೊತೆಗೆ ಆಹಾರ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆಯನ್ನೂ ನೋಡಬೇಕು. ಚಿಹ್ನೆಯಿಲ್ಲದೆ ‘ನೈಸರ್ಗಿಕ’, ‘ಹಳ್ಳಿಯ’, ‘ಶುದ್ಧ’ ಎಂಬ ವಿಶೇಷಣಗಳಷ್ಟೇ ಇದ್ದರೆ ಅದನ್ನು ಸಾವಯವವೆಂದು ಭಾವಿಸಿ ಮೂರು ಪಟ್ಟು ಬೆಲೆ ತೆರಬೇಕಾಗಿಲ್ಲ.

ಗಾತ್ರವನ್ನೂ ಮರೆಯಬಾರದು. ಅಗ್‌ಮಾರ್ಕ್ ಶ್ರೇಣಿಯಂತೆ 53ರಿಂದ 59 ಗ್ರಾಂ ತೂಗುವ ಮೊಟ್ಟೆ ದೊಡ್ಡದು, 45ರಿಂದ 52 ಗ್ರಾಂನದು ಮಧ್ಯಮ, 38ರಿಂದ 44 ಗ್ರಾಂನದು ಚಿಕ್ಕದು. ನಾಟಿ ಕೋಳಿಯ ಮೊಟ್ಟೆ ಸಾಮಾನ್ಯವಾಗಿ ಚಿಕ್ಕದೇ. ಒಂದು ಮೊಟ್ಟೆಗೆಷ್ಟು ಎಂಬುದರ ಜೊತೆಗೆ ನೂರು ಗ್ರಾಂಗೆ ಎಷ್ಟು ಎಂದು ಹೋಲಿಸಿದರೆ ನಿಜವಾದ ಬೆಲೆ ತಿಳಿಯುತ್ತದೆ.

ಕೊಳ್ಳುವಾಗ ಮತ್ತು ಇಡುವಾಗ

ಯಾವುದೇ ಬೆಲೆಯದಾಗಲಿ, ಹಳಸಿದ ಮೊಟ್ಟೆ ಕೆಟ್ಟ ಮೊಟ್ಟೆಯೇ. ಬಿರುಕಿಲ್ಲದ, ಹಿಕ್ಕೆಯ ಕಲೆಯಿಲ್ಲದ ಮೊಟ್ಟೆಗಳನ್ನು ಆರಿಸಬೇಕು. ಬಿಸಿಲು ಬೀಳುವ ಕಟ್ಟೆಯ ಮೇಲೆ ದಿನವಿಡೀ ಇಟ್ಟ ಟ್ರೇಯಿಂದ ಕೊಳ್ಳುವುದಕ್ಕಿಂತ ವ್ಯಾಪಾರ ಚುರುಕಾಗಿರುವ ಅಂಗಡಿ ಮೇಲು. ಮನೆಯಲ್ಲಿ ಪರೀಕ್ಷಿಸಲು ಬಟ್ಟಲಿನ ನೀರೇ ಸಾಕು. ತಾಜಾ ಮೊಟ್ಟೆ ತಳದಲ್ಲಿ ಅಡ್ಡಡ್ಡ ಮಲಗುತ್ತದೆ. ದಿನ ಕಳೆದಂತೆ ಒಳಗಿನ ಗಾಳಿಯ ಭಾಗ ಹಿಗ್ಗುವುದರಿಂದ ಹಳೆಯ ಮೊಟ್ಟೆ ನೆಟ್ಟಗೆ ನಿಲ್ಲುತ್ತದೆ, ತೇಲಿದ್ದನ್ನು ಎಸೆಯಬೇಕು.

ತಂದೊಡನೆ ಮೊಟ್ಟೆಗಳನ್ನು ತೊಳೆದಿಡುವ ರೂಢಿ ಸರಿಯಲ್ಲ. ಚಿಪ್ಪಿನ ಮೇಲಿರುವ ತೆಳುವಾದ ರಕ್ಷಾಪದರ ತೊಳೆದುಹೋಗಿ ಸೂಕ್ಷ್ಮರಂಧ್ರಗಳ ಮೂಲಕ ರೋಗಾಣುಗಳು ಒಳಸೇರಬಹುದು. ಚೂಪು ತುದಿ ಕೆಳಗಾಗುವಂತೆ ತಂಪಾದ ಕಡೆ ಇಡಬೇಕು. ಮುಂಬಯಿಯ ಮಳೆಗಾಲದಲ್ಲಿ ಫ್ರಿಜ್ಜಿನಿಂದ ಹೊರತೆಗೆದ ಮೊಟ್ಟೆಯ ಮೇಲೆ ನೀರು ಮೂಡುತ್ತದೆ. ಪದೇಪದೇ ಹೊರಗೂ ಒಳಗೂ ಇಡದೆ ಬೇಕಾದಷ್ಟನ್ನೇ ತೆಗೆಯುವುದು ಒಳ್ಳೆಯದು.

ಕೋಳಿಯ ಪಕ್ಷದ ಮಾತು

ಹಾಗಾದರೆ ದುಬಾರಿ ಮೊಟ್ಟೆಗೆ ಅರ್ಥವೇ ಇಲ್ಲವೇ? ಇದೆ. ಅದು ತಿನ್ನುವವರ ಪೋಷಣೆಗಿಂತ ಹೆಚ್ಚಾಗಿ ಇಡುವ ಕೋಳಿಯ ಬದುಕಿಗೆ ಸಂಬಂಧಿಸಿದುದು. ಮೊಟ್ಟೆ ಕೋಳಿಗಳ ಕುರಿತು 2023ರಲ್ಲಿ ಹೊರಬಂದ ಕೇಂದ್ರದ ನಿಯಮಗಳು ಪಂಜರದಲ್ಲಿ ಕೋಳಿಯೊಂದಕ್ಕೆ ಕನಿಷ್ಠ 550 ಚದರ ಸೆಂಟಿಮೀಟರ್ ಜಾಗವನ್ನು ಗೊತ್ತುಪಡಿಸಿವೆ. ಕಚೇರಿಗಳಲ್ಲಿ ಬಳಸುವ ಎ-4 ಕಾಗದದ ಹಾಳೆಯ ವಿಸ್ತಾರ ಸುಮಾರು 624 ಚದರ ಸೆಂಟಿಮೀಟರ್. ಕನಿಷ್ಠ ಮಿತಿಯೇ ಒಂದು ಹಾಳೆಗಿಂತ ಕಿರಿದು. ರೆಕ್ಕೆ ಬಿಚ್ಚುವ, ಮಣ್ಣು ಕೆದಕುವ ಅವಕಾಶ ಕೋಳಿಗಿರಲೆಂದು ಬಯಸಿ, ಅನುಕೂಲವಿದ್ದು, ನಿಜವಾದ ಫ್ರೀ ರೇಂಜ್ ಅಥವಾ ಸಾವಯವ ಮೊಟ್ಟೆಗೆ ಹೆಚ್ಚು ಹಣ ಕೊಡುವ ಗ್ರಾಹಕ ಅರ್ಥವುಳ್ಳ ಕೆಲಸವನ್ನೇ ಮಾಡುತ್ತಾನೆ. ಆತನ ಹಣ ಚಿತ್ರಕ್ಕಲ್ಲ, ಕೋಳಿಗೆ ತಲುಪಬೇಕು ಎಂಬುದಷ್ಟೇ ಮುಖ್ಯ. ಸುಳ್ಳು ಲೇಬಲ್ಲು ಗ್ರಾಹಕನಿಗೂ ಪ್ರಾಮಾಣಿಕ ಸಾಕಣೆದಾರನಿಗೂ ಒಟ್ಟಿಗೇ ಮಾಡುವ ದ್ರೋಹ.

ಇಂಥ ಪ್ರಶ್ನೆಗಳನ್ನು ಎತ್ತುವ ಪರಂಪರೆ ಮುಂಬಯಿಗೆ ಹೊಸದಲ್ಲ. ಭಾರತೀಯ ಗ್ರಾಹಕ ಮಾರ್ಗದರ್ಶನ ಸೊಸೈಟಿ 1966ರಲ್ಲಿ ಹುಟ್ಟಿದ್ದು ಈ ನಗರದಲ್ಲಿಯೇ. ಮನೆಮನೆಗಳನ್ನು ಒಗ್ಗೂಡಿಸಿ ಸಾಮೂಹಿಕ ಖರೀದಿಯ ದಾರಿ ತೋರಿದ ಮುಂಬಯಿ ಗ್ರಾಹಕ ಪಂಚಾಯತ್ 1975ರಲ್ಲಿ ಆರಂಭವಾಯಿತು. ಹತ್ತು ಮನೆಗಳು ಸೇರಿ ಗೊತ್ತಿರುವ ಸಾಕಣೆದಾರನಿಂದ ನೇರವಾಗಿ ಟ್ರೇ ಲೆಕ್ಕದಲ್ಲಿ ಕೊಂಡರೆ ಬೆಲೆಯೂ ಇಳಿಯುತ್ತದೆ, ಕೋಳಿ ಹೇಗೆ ಬೆಳೆಯಿತೆಂದು ಕಣ್ಣಾರೆ ನೋಡಲೂಬಹುದು. ವಂಚನೆಯ ಅನುಮಾನ ಬಂದರೆ ರಸೀದಿ ಮತ್ತು ಪೊಟ್ಟಣವನ್ನು ಉಳಿಸಿಕೊಂಡು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದಾರಿತಪ್ಪಿಸುವ ಜಾಹೀರಾತು ಶಿಕ್ಷಾರ್ಹ.

ಡೊಂಬಿವಲಿಯ ಗೃಹಿಣಿ ಬಿಳಿಯ ಮೊಟ್ಟೆಗಳ ಟ್ರೇಯನ್ನೇ ಕೊಂಡು ಮನೆಗೆ ನಡೆದರೆ ಅದರಲ್ಲಿ ಸಂಕೋಚಪಡುವಂಥದೇನೂ ಇಲ್ಲ. ನಾಳೆ ಸಂಪಾದನೆ ಹೆಚ್ಚಿ, ಚಿಹ್ನೆಯನ್ನೂ ಊರಿನ ಹೆಸರನ್ನೂ ಓದಿ ನೋಡಿ, ಬಯಲಿನ ಕೋಳಿಯ ಮೊಟ್ಟೆಯನ್ನು ಆರಿಸಿದರೆ ಅದೂ ಸರಿಯೇ. ಅತ್ತೆಯವರು ಊರಿಗೆ ಹೋದಾಗ ಹಿತ್ತಿಲ ಕೋಳಿಯ ನಾಲ್ಕು ಮೊಟ್ಟೆ ತಂದರೆ ಅದನ್ನೂ ಪ್ರೀತಿಯಿಂದ ಬೇಯಿಸಬಹುದು. ಮಕ್ಕಳ ಪಾಲಿಗೆ ಮುಖ್ಯವಾದದ್ದು ತಾಜಾ ಮೊಟ್ಟೆ, ಚೆನ್ನಾಗಿ ಬೆಂದ ಮೊಟ್ಟೆ, ದಿನವೂ ತಪ್ಪದೆ ತಟ್ಟೆಗೆ ಬರುವ ಮೊಟ್ಟೆ.